ಮಡಕೆಯ ಮೈಮೇಲೆ ಉಪ್ಪು ಬಂದರೆ

ಕೊಡಗಿನಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಈ ಪ್ರಶ್ನೆ ಶುರು. ಕೇಳುವವರ ಊರು ಮಾತ್ರ ಬೇರೆ. ಈ ಸಲ ಇದನ್ನೇ ಬಿಡಿಸಿ ಹೇಳುತ್ತೇನೆ. ಉಳಿದವರಿಗೆ ಚುಟುಕು ಉತ್ತರ, ಬೇಸರ ಬೇಡ.

ಪ್ರಶ್ನೆ: ಕಟ್ಟಿಗೆಯಲ್ಲಿ ಸುಟ್ಟ ಮಣ್ಣಿನ ಮಡಕೆ ತಂದು ಕಾಡುಮಾವನ್ನು ಉಪ್ಪುನೀರಲ್ಲಿ ಹಾಕಿಟ್ಟೆ. ಈಗ ಮಡಕೆಯ ಹೊರಗೆಲ್ಲ ಬಿಳಿ ಪುಡಿ. ನೀರೂ ಇಳಿದಿದೆ. ‘ಮಡಕೆ ಉಸಿರಾಡ್ತಿದೆ, ಒಳ್ಳೇದೇ’ ಅಂದರು ಮಾರಿದವರು. ಹೌದಾ? (ವಿರಾಜಪೇಟೆ)

ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅಂದರೆ ಉಪ್ಪು, ಹತ್ತಿಯ ಹಾಗೆ ಮೆತ್ತಗಿದ್ದರೆ ಬೂಷ್ಟು. ನಿಮ್ಮದು ಉಪ್ಪೇ ಇರಬೇಕು, ನೀರು ಇಳಿದಿದೆ ಅಂದಿರಲ್ಲ.

ನಮ್ಮ ಕಡೆಯ ಆವಿಗೆಯ, ಅಂದರೆ ಕುಂಬಾರರು ಮಡಕೆ ಸುಡುವ ಬೆಂಕಿಯ ಕಾವು ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಅಷ್ಟಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಆದರೆ ಅದರೊಳಗಿನ ಸಣ್ಣ ರಂಧ್ರಗಳು ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ನೀರು ತಣ್ಣಗಿರುವುದು ಈ ರಂಧ್ರಗಳಿಂದಲೇ. ಉಪ್ಪುನೀರೂ ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ರಂಧ್ರದಲ್ಲೇ ಹರಳುಗಟ್ಟಿ ಮಣ್ಣನ್ನು ಒಳಗಿಂದ ನೂಕುತ್ತದೆ. ಹೀಗೇ ಬಿಟ್ಟರೆ ಮಡಕೆಯ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

‘ಕಟ್ಟಿಗೆಯಲ್ಲಿ ಸುಟ್ಟದ್ದು’ ಅನ್ನುವುದು ಗಟ್ಟಿತನಕ್ಕೆ ಸರ್ಟಿಫಿಕೇಟ್ ಅಲ್ಲ. ಸರಿಯಾದ ಗೂಡು ಕಟ್ಟಿದರೆ ಕಟ್ಟಿಗೆಯಲ್ಲೇ 1,250 ಡಿಗ್ರಿ ದಾಟಬಹುದು. ಆಗ ಬೂದಿಯೇ ಕರಗಿ ಮಡಕೆಗೆ ಗಾಜಿನಂಥ ಹೊಳಪು ಕೊಡುತ್ತದೆ. ಬಯಲಲ್ಲಿ ಸೊಪ್ಪು ಮುಚ್ಚಿ ಸುಟ್ಟರೆ ಆ ಕಾವು ಬರುವುದಿಲ್ಲ. ಕೊಳ್ಳುವಾಗ ಎಷ್ಟು ಕಾವು ಅಂತ ಕೇಳಿ, ಯಾವ ಸೌದೆ ಅಂತಲ್ಲ.

ಇನ್ನು ಈ ಉಸಿರಾಟದ ಪುರಾಣ. ಹುಳಿ ಬರಿಸುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕಿಲ್ಲ. ಗಾಳಿ ಬೇಕಾದದ್ದು ಮೇಲೆ ಕಟ್ಟುವ ಬಿಳಿ ಪದರಕ್ಕೆ, ಬೂಷ್ಟಿಗೆ. ಮಾರುವವರು ಕೊರಿಯಾದ ಓಂಗಿ ಮಡಕೆಯ ಉದಾಹರಣೆ ಕೊಡುತ್ತಾರೆ. ಅದರ ರಂಧ್ರಗಳಿಂದ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಕಿಮ್ಚಿಗೆ (ಅಲ್ಲಿನ ಹುಳಿ ಬರಿಸಿದ ತರಕಾರಿ) ಅನುಕೂಲ ಆಗುತ್ತದೆ ಅಂತ 2023ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ, ನಿಜ. ಅದರ ಹೊರಮೈಗೂ ಉಪ್ಪು ಬರುತ್ತದೆ. ಆದರೆ ಓಂಗಿ ಬೂದಿಯ ಲೇಪ ಹಚ್ಚಿ ಜಾಸ್ತಿ ಕಾವಿನಲ್ಲಿ ಸುಟ್ಟ ಮಡಕೆ. ಆ ಪುರಾವೆಯನ್ನು ನಮ್ಮ ನೀರಿನ ಮಡಕೆಗೆ ತಗುಲಿಸಬೇಡಿ.

ಗಂಜಿ ಕುದಿಸಿ ಪಳಗಿಸಿದರೆ ಸಾಕು ಅನ್ನುವವರೂ ಇದ್ದಾರೆ. ಸಾರು ಮಾಡುವ ಮಡಕೆಗೆ ಅದು ಸರಿ. ತಿಂಗಳುಗಟ್ಟಲೆ ಹುಳಿ, ಉಪ್ಪು ನಿಲ್ಲುವ ಮಡಕೆಯಲ್ಲಿ ಗಂಜಿಯ ಲೇಪ ನಂಬಬೇಡಿ. ಎಣ್ಣೆ ಹಚ್ಚಿದರೆ ಕಮಟು ವಾಸನೆ.

ಇವತ್ತೇ ಮಾವನ್ನು ಗಾಜಿನ ಜಾಡಿಗೋ ಉಪ್ಪಿನಕಾಯಿ ಭರಣಿಗೋ ಬದಲಿಸಿ. ನೀರಿನ ಮೇಲೆ ತೇಲಿ ಬೂಷ್ಟು ಹಿಡಿದದ್ದು, ಲೊಳೆಯಾದದ್ದು ಎಸೆಯಿರಿ. ಕಡಿಮೆ ಬಿದ್ದಷ್ಟಕ್ಕೆ ಕುದಿಸಿ ಆರಿಸಿದ ಉಪ್ಪುನೀರನ್ನೇ ಹಾಕಿ, ಬರೀ ನೀರಲ್ಲ. ಮಡಕೆಯನ್ನು ದಿನಾ ನೀರು ಬದಲಿಸಿ ನೆನೆಸಿಟ್ಟು ಚೆನ್ನಾಗಿ ಒಣಗಿಸಿ. ಚಕ್ಕೆ ಏಳದಿದ್ದರೆ ಮೊಸರಿಗೆ ಬಳಸಿ, ನೀರು ಹೀರಿ ಗಟ್ಟಿ ಮೊಸರು ಕೊಡುತ್ತದೆ.

ಮುಂದಿನ ಸಲ ಮಡಕೆ ತಂದರೆ ಒಣಗಿದ್ದಾಗ ತೂಗಿ, ರಾತ್ರಿಯಿಡೀ ನೆನೆಸಿ, ಒರೆಸಿ ಮತ್ತೆ ತೂಗಿ. ಒಂದು ಕಿಲೋ ಮಡಕೆಗೆ 20–30 ಗ್ರಾಂ ಹೆಚ್ಚಾದರೆ ಉಪ್ಪುನೀರಿಗೆ ಆದೀತು. 100 ಗ್ರಾಂ ಹೆಚ್ಚಾದರೆ ಬೇಡ. ಬೆರಳಲ್ಲಿ ತಟ್ಟಿ ಠಣ್ ಅನ್ನಿಸುವುದರಿಂದ ಬಿರುಕು ಇಲ್ಲ ಅಂತಷ್ಟೇ ಗೊತ್ತಾಗುತ್ತದೆ.

ಪ್ರಶ್ನೆ: ಒಸರದ ಹಾಗೆ ಒಳಗೆ ಎನಾಮೆಲ್ ಪೇಂಟ್ ಬಳಿಯಬಹುದಾ? (ಸೋಮವಾರಪೇಟೆ)

ಬೇಡ. ಹಾಗೆ ಹೇಳಿಕೊಟ್ಟವರ ಮನೆಯಲ್ಲಿ ಊಟವೂ ಬೇಡ.

ಪ್ರಶ್ನೆ: ಹೊಳೆಯುವ ಮಡಕೆಗೆ ನಿಂಬೆಹಣ್ಣು ಉಜ್ಜಿದರೆ ಸೀಸ ಇದೆಯಾ ಅಂತ ಗೊತ್ತಾಗುತ್ತದಂತೆ? (ಕುಶಾಲನಗರ)

ಇಲ್ಲ. ಗೊತ್ತಾಗುವುದು ಲ್ಯಾಬಿನಲ್ಲಿ. ಕಡಿಮೆ ಕಾವಿನಲ್ಲೇ ಲೇಪ ಕರಗಲಿ ಅಂತ ಸೀಸ ಹಾಕುವ ರೂಢಿ ಹಳೆಯದು, ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಮಾರುವವರು ಲ್ಯಾಬ್ ವರದಿ ತೋರಿಸದಿದ್ದರೆ ಅದರಲ್ಲಿ ಹೂವು ಇಡಿ.

ಪ್ರಶ್ನೆ: ಮನೆ ವೈನ್‌ಗೆ ಮಣ್ಣಿನ ಮಡಕೆ? ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಗೆ? (ಮಡಿಕೇರಿ)

ಜಾರ್ಜಿಯಾ ದೇಶದಲ್ಲಿ ವೈನ್ ಮಡಕೆ ಹೂಳುತ್ತಾರೆ, ಆದರೆ ಒಳಗೆ ಜೇನುಮೇಣ ಸವರಿರುತ್ತಾರೆ. ನಿಮಗೆ ಅಟ್ಟದ ಮೇಲಿನ ಭರಣಿಯೇ ಸಾಕು. ಕಾಚಂಪುಳಿ ಕುದಿಸುವುದು ಮಡಕೆಯಲ್ಲಾದರೂ ಇಡುವುದು ಗಾಜಿನ ಬಾಟಲಿಯಲ್ಲಿ.

ಪ್ರಶ್ನೆ: ಕಳಲೆಯ ವಿಷವನ್ನು ಮಣ್ಣು ಹೀರುತ್ತದಾ? (ಗೋಣಿಕೊಪ್ಪ)

ಇಲ್ಲ, ಖಂಡಿತ ನಂಬಬೇಡಿ. ಸಣ್ಣಗೆ ಹೆಚ್ಚಿ ನೆನೆಸಿ, ದಿನಾ ನೀರು ಚೆಲ್ಲಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ. ಪಾತ್ರೆ ಯಾವುದಾದರೂ ಆದೀತು.