ಕಣ್ಣಿಗೆ ಕ್ಯಾನ್ಸರ್ ಔಷಧ ಏಕೆ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದೆ. ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆಯಲ್ಲಿ) ಹೊಸ ರಕ್ತನಾಳಗಳು ಬೆಳೆದಿವೆ, ಕಣ್ಣಿಗೆ ಬೆವಾಸಿಜುಮ್ಯಾಬ್ ಇಂಜೆಕ್ಷನ್ ಕೊಡಬೇಕು ಎಂದಿದ್ದಾರೆ ವೈದ್ಯರು. ಅದು ಕ್ಯಾನ್ಸರ್ ಔಷಧವೆಂದು ತಿಳಿದು ಅಮ್ಮ ಹೆದರಿದ್ದಾರೆ. ಹೊಸ ರಕ್ತನಾಳ ಬೆಳೆದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಈ ಔಷಧ ಬರೆದುಕೊಟ್ಟ ಮಾತ್ರಕ್ಕೆ ನಿಮ್ಮ ತಾಯಿಗೆ ಕ್ಯಾನ್ಸರ್ ಇದೆ ಎಂದು ಅರ್ಥವಲ್ಲ, ಇದನ್ನು ಮೊದಲು ಅವರಿಗೆ ಹೇಳಿ.

ಸಕ್ಕರೆ ಕಾಯಿಲೆಯಿಂದ ರೆಟಿನಾದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋದಾಗ, ಆಮ್ಲಜನಕ ಸಿಗದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಹೊಸ ನಾಳಗಳನ್ನು ಕರೆಯುತ್ತವೆ. ಗಾಯ ಮಾಯುವಾಗಲೂ ನಡೆಯುವುದು ಇದೇ, ಆದರೆ ಗಾಯ ಮಾಗಿದ ಮೇಲೆ ಆ ಕರೆ ತಗ್ಗುತ್ತದೆ. ಕಣ್ಣಿನಲ್ಲಿ ಕೊರತೆ ತೀರದ ಕಾರಣ ಅದು ನಿಲ್ಲುವುದಿಲ್ಲ. ಹಾಗೆ ಹುಟ್ಟಿದ ನಾಳಗಳ ಗೋಡೆ ಬಹಳ ದುರ್ಬಲ. ಅವು ರಕ್ತ ಬೇಕಾದ ಜಾಗವನ್ನು ಬಿಟ್ಟು ರೆಟಿನಾದ ಮೇಲೆ ಹಬ್ಬಿ, ಒಡೆದು ರಕ್ತ ಸುರಿಸುತ್ತವೆ. ಜೊತೆಯಲ್ಲಿ ಬೆಳೆಯುವ ನಾರಿನಂಥ ಪೊರೆ ರೆಟಿನಾವನ್ನೇ ಎಳೆದು ಕಳಚಬಹುದು.

ಕ್ಯಾನ್ಸರ್ ಗಡ್ಡೆಯೂ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲು ಇದೇ ಕರೆಯನ್ನು ನೆಚ್ಚಿಕೊಳ್ಳುತ್ತದೆ. ಆ ಕರೆಯನ್ನು ತಡೆದರೆ ಗಡ್ಡೆಯನ್ನು ಹಿಡಿತಕ್ಕೆ ತರಬಹುದೆಂದು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ವಾದಿಸಿದರು. ವಿಇಜಿಎಫ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಬೆವಾಸಿಜುಮ್ಯಾಬ್‌ಗೆ 2004ರಲ್ಲಿ ಅಲ್ಲಿ ಕರುಳಿನ ಕ್ಯಾನ್ಸರ್ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಕ್ಯಾನ್ಸರ್‌ಗೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಔಷಧವನ್ನು ರಕ್ತಕ್ಕೆ ಹರಿಸಿದರೆ, ಕಣ್ಣಿಗೆ ಸಾಮಾನ್ಯವಾಗಿ ಕೊಡುವುದು ಒಟ್ಟು 1.25 ಮಿಲಿಗ್ರಾಂ ಮಾತ್ರ. ಆದರೂ ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಇಂಜೆಕ್ಷನ್ ಎಂದರೆ ಭಯವಾಗುವುದು ಸಹಜ. ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್ ದ್ರಾವಣದಿಂದ ಶುಚಿಗೊಳಿಸಿ, ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 4 ಮಿಲಿಮೀಟರ್ ಆಚೆ, ಬಿಳಿಭಾಗದಲ್ಲಿ ತೀರ ಸಣ್ಣ ಸೂಜಿ ಚುಚ್ಚುತ್ತಾರೆ. ಹೆಚ್ಚಿನವರಿಗೆ ಒತ್ತಿದಂತಾಗುತ್ತದೆ, ಅಷ್ಟೆ.

ನನಗೆ ಹೆಚ್ಚು ಆತಂಕವಿರುವುದು ನಡುವೆ ಚಿಕಿತ್ಸೆ ಬಿಡುವವರ ಬಗ್ಗೆ. ಔಷಧ ಕರಗಿದ ಮೇಲೆ ಕರೆ ಮತ್ತೆ ಏಳುವುದರಿಂದ ಇಂಜೆಕ್ಷನ್ ಹಲವು ಬಾರಿ ಬೇಕಾಗುತ್ತದೆ. ತಪ್ಪದೆ ಬರಲಾಗದಿದ್ದರೆ ಲೇಸರ್ ಬಗ್ಗೆ ಮೊದಲೇ ಕೇಳಿ: ಅದು ಆಮ್ಲಜನಕವಿಲ್ಲದೆ ಬಳಲುವ ಅಂಚಿನ ಭಾಗವನ್ನು ಸುಟ್ಟು ಕರೆಯನ್ನು ಮೂಲದಲ್ಲೇ ತಗ್ಗಿಸುತ್ತದೆ, ಪಕ್ಕದ ನೋಟ ಸ್ವಲ್ಪ ಕುಗ್ಗಬಹುದಾದರೂ ಪರಿಣಾಮ ಬಹುಕಾಲ ಉಳಿಯುತ್ತದೆ. ಇಂಜೆಕ್ಷನ್ ಆದ ನಂತರದ ದಿನಗಳಲ್ಲಿ ನೋವು ಹೆಚ್ಚಿದರೆ, ಕಣ್ಣು ಕೆಂಪೇರಿದರೆ, ನೋಟ ಮಂಕಾದರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.