ಉಳಿದ ಪುದೀನ, ಕೊತ್ತಂಬರಿ ಹಾಕಿ ಥಾಯ್ ಶೈಲಿಯ ಕೀಮಾ ಪ್ಯಾಟಿ ಮಾಡಬಹುದಾ? ಶಿವಮೊಗ್ಗದಲ್ಲಿ ಸಾಮಾನು ಸಿಗುತ್ತದಾ?

ಧಾರಾಳವಾಗಿ ಮಾಡಬಹುದು. ಅರ್ಧ ಕೆಜಿ ಚಿಕನ್ ಕೀಮಾಕ್ಕೆ ಹೆಚ್ಚಿದ ಸೊಪ್ಪು ಎರಡು ಹಿಡಿ ಸಾಕು. ಹಂದಿ ಕೀಮಾ ಆದರೆ ಕೊಬ್ಬಿರುವುದರಿಂದ ಇನ್ನೂ ಮೆತ್ತಗೆ ಬರುತ್ತದೆ.

ಥಾಯ್ ರುಚಿಯ ಅರ್ಧ ಸಾಮಾನು ಮಲೆನಾಡಿನ ಹಿತ್ತಲಲ್ಲೇ ಇದೆ. ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲೇ ಅವರ ಲೆಮನ್‌ಗ್ರಾಸ್. ಆದರೆ ಇಲ್ಲಿ ಎಲೆ ಬೇಡ, ನಾರು ಬಾಯಿಗೆ ಸಿಗುತ್ತದೆ. ಬುಡದ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ, ಸೂಜಿ ಮೆಣಸಿನ ಜೊತೆ ಜಜ್ಜಿ. ಫಿಶ್ ಸಾಸ್ ಒಂದು ದೊಡ್ಡ ಚಮಚ. ಅದು ಸಿಗದಿದ್ದರೆ ಸೋಯಾ ಸಾಸ್ ಹಾಕಿ, ರುಚಿ ಸ್ವಲ್ಪ ಬೇರೆಯಾಗುತ್ತದೆ ಅಷ್ಟೇ. ಎರಡರಲ್ಲೂ ಉಪ್ಪು ಜಾಸ್ತಿ, ನೋಡಿಕೊಳ್ಳಿ.

ಪ್ಯಾಟಿ ಒಡೆಯುವುದು ಹೆಚ್ಚಾಗಿ ನೀರಿನಿಂದ. ನಮ್ಮ ಮಳೆಗಾಲದಲ್ಲಂತೂ ತೊಳೆದ ಸೊಪ್ಪು ಸುಮ್ನೆ ಇಟ್ಟರೆ ಒಣಗುವುದೇ ಇಲ್ಲ, ಬಟ್ಟೆಯಲ್ಲಿ ಒತ್ತಿ ಒರೆಸಿ. ಆಮೇಲೆ ಎರಡು ಚಮಚ ಅಕ್ಕಿಯನ್ನು ಎಣ್ಣೆಯಿಲ್ಲದೆ ಕೆಂಪಗೆ ಹುರಿದು, ತರಿಯಾಗಿ ಪುಡಿ ಮಾಡಿ ಸೇರಿಸಿ. ಥಾಯ್ಲೆಂಡಿನ ಲಾಬ್ ಎಂಬ ಕೀಮಾ ಸಲಾಡ್‌ಗೆ ಹಾಕುವುದೂ ಇಂಥದ್ದೇ ಪುಡಿ, ಅಲ್ಲಿ ಅಂಟು ಅಕ್ಕಿ ಬಳಸುತ್ತಾರೆ. ಇದು ನೀರನ್ನೂ ಹೀರುತ್ತದೆ, ಘಮವನ್ನೂ ಕೊಡುತ್ತದೆ. ಕೀಮಾ ಅಂಟು ಬರುವವರೆಗೆ ಕೈಯಲ್ಲಿ ನಾದಿ, ಸೊಪ್ಪನ್ನು ಕೊನೆಗೆ ಬೆರೆಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ತೆಳ್ಳಗೆ ತಟ್ಟಿ, ಕಾವಲಿಯಲ್ಲಿ ಮಧ್ಯಮ ಉರಿಯಲ್ಲಿ ಎರಡೂ ಕಡೆ ನಾಲ್ಕೈದು ನಿಮಿಷ ಬೇಯಿಸಿ. ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ನೆಂಚಿಕೊಳ್ಳಲು ನಿಂಬೆರಸ, ಬೆಲ್ಲ, ಫಿಶ್ ಸಾಸ್, ಸೂಜಿ ಮೆಣಸು ಕಲಸಿ. ಬನ್ ಬೇಡ, ಬಿಸಿ ಅನ್ನವೇ ಸರಿ.