ಅಪರಾಧಿಗೆ ಶಿಕ್ಷೆಯಾಯಿತು, ಇನ್ನು ಸಂತ್ರಸ್ತರಿಗೆ ಯಾವ ಹಕ್ಕುಗಳು ಉಳಿದಿರುತ್ತವೆ?

ತೀರ್ಪು ಬಂದರೆ ನಮ್ಮ ಪಾತ್ರ ಮುಗಿಯಿತಾ ಎಂದು ಕೇಳಿದ್ದೀರಿ. ಇಲ್ಲ. ಅಪರಾಧದ ಸಂತ್ರಸ್ತರ ಕುರಿತ 1985ರ ವಿಶ್ವಸಂಸ್ಥೆಯ ಘೋಷಣೆಯ ಪ್ರಕಾರ ಅಪರಾಧಿಯೇ ನಷ್ಟ ತುಂಬಿಕೊಡಬೇಕು. ಅವನಿಂದ ಪೂರ್ತಿ ಸಿಗದಿದ್ದರೆ, ಗಂಭೀರ ಪ್ರಕರಣಗಳಲ್ಲಿ ಸರ್ಕಾರ ಪರಿಹಾರ ಕೊಡಲು ಪ್ರಯತ್ನಿಸಬೇಕು. ಇದು ತತ್ವ ಅಷ್ಟೇ. ಎಷ್ಟು, ಹೇಗೆ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು.

ಜನ ಜಾಸ್ತಿ ಎಡವುವುದು ಮಾಹಿತಿಯ ವಿಷಯದಲ್ಲಿ. ಮೇಲ್ಮನವಿ, ಪೆರೋಲ್, ಬಿಡುಗಡೆಯ ಸುದ್ದಿ ತಾನಾಗೇ ಮನೆಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಹಲವು ಕಡೆ ನೀವೇ ಹೆಸರು ನೋಂದಾಯಿಸಬೇಕು. ಫೋನ್ ನಂಬರ್ ಬದಲಾದರೆ ಅದನ್ನೂ ತಿಳಿಸಬೇಕು, ಇದನ್ನೇ ಮರೆಯುತ್ತೇವೆ ಅಲ್ವಾ?

ಕೆಲವು ದೇಶಗಳಲ್ಲಿ, ಕೈದಿಯನ್ನು ಅವಧಿಗೆ ಮುನ್ನ ಬಿಡಬೇಕೇ ಎಂದು ನಿರ್ಧರಿಸುವ ಪೆರೋಲ್ ಮಂಡಳಿಯ ಮುಂದೆ ನಿಮ್ಮ ಮಾತು ಹೇಳಬಹುದು. ತೀರ್ಮಾನ ಮಾತ್ರ ಮಂಡಳಿಯದು. ಅಪರಾಧಿಯನ್ನು ಮುಖಾಮುಖಿ ಭೇಟಿಯಾಗಲು ಕರೆದರೆ ಬೇಡ ಎನ್ನಬಹುದು. ಸುಮ್ನೆ ಮುಲಾಜಿಗೆ ಒಪ್ಪಬೇಡಿ.